ಜಡೆ ಬಿಚ್ಚುವ ಪದ

ಆಷಾಢದ ಗಾಳಿ ಬೀಸುವ ದಿನಗಳು. ಎಂಬತ್ತಮೂರನೇ ಇಸವಿ. ಸಂಜೆ ಐದೂವರೆ ಇರಬೇಕು. ಹಗಲು ಪಾಳಿ ಮುಗಿಸಿದ ಜನ ಸೈಕಲ್ಲು ತುಳಿದುಕೊಂಡು ಕುರುಬರಹಳ್ಳಿಗೆ ಹಿಂತಿರುಗುವ ಹೊತ್ತು. ಆಂಜನೇಯನ ಗುಡಿಯ ಮುಂದಿನ ಬಯಲಿನಲ್ಲಿ ಕೋಲಾಟದ ಕಂಬ ನೆಟ್ಟಾಗಿತ್ತು. ಕಂಬದ ತಲೆಯಿಂದ ಎಂಟು ಬಣ್ಣದ ಹಗ್ಗ ಇಳಿಬಿದ್ದು ಗಾಳಿಗೆ ಒಂದಕ್ಕೊಂದು ತಾಕುತ್ತಿದ್ದವು. ಶ್ರಾವಣದ ಕಡೇ ಶನಿವಾರ ದೇವರ ಮುಂದೆ ಆಡುವ ಜಡೆ ಕೋಲಾಟಕ್ಕೆ ಆವತ್ತೇ ಮೊದಲ ಅಭ್ಯಾಸ.

ಮುನಿರಾಮಯ್ಯ ಎಡಗೈಯಲ್ಲಿ ಹಸಿರು ಹಗ್ಗ, ಬಲಗೈಯಲ್ಲಿ ತನ್ನಪ್ಪನ ಕಾಲದ ಕೋಲು ಹಿಡಿದು ನಿಂತಿದ್ದ. ಹದಿನಾರನೇ ವಯಸ್ಸಿನಿಂದ ಆ ಹಸಿರು ಹಗ್ಗ ಅವನದೇ. ಈಗ ನಲವತ್ತಾರು. ಕಂಬದ ಬುಡದಲ್ಲಿ ಮೇಳದ ಯಜಮಾನರಾದ ಹನುಮಂತಯ್ಯನವರು ಮದ್ದಳೆಯನ್ನು ತೊಡೆಯ ಮೇಲಿಟ್ಟುಕೊಂಡು ಪದ ಎತ್ತಿದರು. ಬಾಯಿ ತೆರೆದದ್ದು ಕಂಡಿತು. ಗಂಟಲಿನ ಗಂಟು ಮೇಲೆ ಕೆಳಗೆ ಆಡಿದ್ದು ಕಂಡಿತು. ಪದ ಮಾತ್ರ ಬರಲಿಲ್ಲ.

ಗಾಳಿ ಹೊತ್ತುಕೊಂಡು ಹೋಯಿತೇನೋ ಅಂದುಕೊಂಡ. ಕಂಬದ ಹತ್ತಿರಕ್ಕೆ ಸರಿದ. ಬಾವಿಯ ತಳದಿಂದ ಯಾರೋ ಕರೆದ ಹಾಗೆ ಏನೋ ಒಂದು ಗುಂಯ್ ಅಂದಿತು, ಅಷ್ಟೆ. ಕೆರೆ ಏರಿಯ ಆಚೆಗೂ ಕೇಳುವ ಕಂಠ ಹನುಮಂತಯ್ಯನವರದು. ಮುನಿರಾಮಯ್ಯನ ಅಂಗೈ ಬೆವೆತು ಕೋಲು ಜಾರತೊಡಗಿತು. ಎದುರಿನವನ ಕಾಲು ನೋಡಿ ಹೆಜ್ಜೆ ಹಾಕಿದ. ಕೋಲು ತಾಕಬೇಕಾದ ಕಡೆ ಬಡಿಯಿತು.

"ಲೇ ಮುನಿಯ, ಕೋಲು ಹೊಡೀತಿದೀಯೋ ಹಾವು ಹೊಡೀತಿದೀಯೋ?" ಎಂದು ಎದುರಿನವನು ಬೆರಳು ಝಾಡಿಸಿಕೊಂಡ.

ಎದುರಿನವನು ಅಂಜಿನಯ್ಯ. ಕೋಲಾಟದಲ್ಲಿ ಅವನ ಜೋಡಿ. ಮಗ್ಗದ ಶೆಡ್ಡಿನಲ್ಲೂ ಪಕ್ಕದ ಮಗ್ಗದವನು. ಎರಡು ಕಡೆಯೂ ಇಪ್ಪತ್ತೆರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ದುಡಿದವರು, ಕುಣಿದವರು.

ಶೆಡ್ಡಿನ ವಿಷಯ ಒಂದು ಮಾತು ಹೇಳಬೇಕು. ಇಪ್ಪತ್ತು ಮಿಷನ್ ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಜಾಗದಲ್ಲಿ ಸಾಕ್ಷಾತ್ ದೇವರು ಬಂದು ಕೂಗಿದರೂ ಕೇಳುವುದಿಲ್ಲ. ಅದಕ್ಕೇ ಅಲ್ಲಿನವರು ಮಾತನ್ನು ಕಿವಿಯಿಂದ ಕೇಳುವುದಿಲ್ಲ, ತುಟಿಯಿಂದ ಓದುತ್ತಾರೆ. ನೂಲು ಕಿತ್ತರೆ ಎರಡು ಬೆರಳು ಆಡಿಸುತ್ತಾರೆ, ಟೀ ಬಂದರೆ ಹೆಬ್ಬೆರಳು ಬಾಯಿಗೆ ಹಿಡಿಯುತ್ತಾರೆ. ಮಿಕ್ಕದ್ದೆಲ್ಲ ತುಟಿ. ಈ ವಿದ್ಯೆ ಮುನಿರಾಮಯ್ಯನಿಗೆ ಎಷ್ಟು ಕರಗತವಾಗಿತ್ತು ಅಂದರೆ, ಕಿವಿ ಇಂಗಿಹೋಗುತ್ತಿರುವುದು ಅವನಿಗೇ ಗೊತ್ತಾಗಿರಲಿಲ್ಲ. ಮನೆಯಲ್ಲಿ ಹೆಂಡತಿ ಗಂಗಲಕ್ಷ್ಮಮ್ಮ ಮಾತ್ರ ಒಮ್ಮೆ, "ಇವ್ರಿಗೆ ಬರ್ತಾ ಬರ್ತಾ ದೀಪ ಹಾಕ್ದೆ ಇದ್ರೆ ಮಾತೇ ಹೊರಡಲ್ಲ" ಎಂದು ನಕ್ಕಿದ್ದಳು. ತುಟಿ ಓದಬಹುದು. ಪದವನ್ನು ಹೇಗೆ ಓದುವುದು? ಅದೂ ಕಂಬದ ಸುತ್ತ ತಿರುಗುತ್ತ, ಅರ್ಧ ಸುತ್ತಿನಲ್ಲಿ ಹಾಡುವವನ ಬೆನ್ನು ಮಾತ್ರ ಕಾಣುವಾಗ?

ಅಭ್ಯಾಸ ಮುಗಿದ ಮೇಲೆ ಮುನಿರಾಮಯ್ಯ ಹುಣಸೆಮರದ ಕೆಳಗೆ ಬೀಡಿ ಹಚ್ಚಿಕೊಂಡು ಕೂತ. ಅಂಜಿನಯ್ಯ ಎಷ್ಟೋ ಹೊತ್ತಿನ ಮೇಲೆ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತು, ಮುಖವನ್ನೇ ನೋಡಿದ.

"ನಿನ್ ಸೈಕಲ್ ಯಾರೋ ಹೊಡ್ಕಂಡು ಹೋದ ಕಣೋ ಅಂತ ಹಿಂದೆ ನಿಂತ್ಕಂಡು ಮೂರು ಸಲ ಕೂಗ್ದೆ" ಅಂದ.

ಮುನಿರಾಮಯ್ಯ ಥಟ್ಟನೆ ತಿರುಗಿ ನೋಡಿದ. ಸೈಕಲ್ಲು ಗೋಡೆಗೆ ಒರಗಿಕೊಂಡು ಇತ್ತು.

"ಈಗ ತಿರುಗಿದ್ಯಲ್ಲ, ಆಗ ತಿರುಗಬೇಕಿತ್ತು" ಅಂದ ಅಂಜಿನಯ್ಯ. ನಗಲಿಲ್ಲ.

ಮುನಿರಾಮಯ್ಯನ ಬೀಡಿ ಕೈಯಲ್ಲೇ ಆರಿತು. "ಯಾರಿಗೂ ಹೇಳ್ಬೇಡ ಕಣೋ ಅಂಜಿನ. ಪದ ಕೇಳ್ದೆ ಇರೋನ ಕೈಗೆ ಹನುಮಣ್ಣ ಹಗ್ಗ ಕೊಡಲ್ಲ. ನಿಂಗೇ ಗೊತ್ತಲ್ಲ."

ಮೇಳದ ಕಟ್ಟಳೆ ಅದು. ಜಡೆ ಕೋಲಾಟ ಸುಮ್ಮನೆ ಕುಣಿಯುವ ಆಟವಲ್ಲ. ನಾಲ್ಕು ಜನ ಬಲಕ್ಕೆ, ನಾಲ್ಕು ಜನ ಎಡಕ್ಕೆ. ಒಬ್ಬನ ಒಳಗೆ ತೂರಿ, ಮತ್ತೊಬ್ಬನ ಹೊರಗೆ ದಾಟಿ ಸುತ್ತಿದ ಹಾಗೆ, ಎಂಟು ಹಗ್ಗ ಕಂಬದ ತಲೆಯಿಂದ ಹೆಣ್ಣುಮಗಳ ಜಡೆಯ ಹಾಗೆ ಹೆಣೆದುಕೊಳ್ಳುತ್ತ ಇಳಿಯುತ್ತವೆ. ಜಡೆ ಎದೆಮಟ್ಟ ಬಂದಾಗ ಯಜಮಾನರು ಪದ ಬದಲಾಯಿಸುತ್ತಾರೆ:

ಬಂದ ಹೆಜ್ಜೆಯ ಹಿಡಿದು ಹಿಂದಕ್ಕೆ ಬಾರಣ್ಣ,
ಹೆಣೆದ ಕೈಯೇ ಬಿಚ್ಚಿ ಕೊಡಬೇಕೋ.

ಇದು ಜಡೆ ಬಿಚ್ಚುವ ಪದ. ಜೋಡಿಗಳೆಲ್ಲ ಎದುರುಬದುರು ಬಂದು ನಿಂತ ಗಳಿಗೆಯಲ್ಲೇ ಇದನ್ನು ಎತ್ತುವುದು. ಎತ್ತಿದ ತಾಳಕ್ಕೆ ಎಂಟೂ ಜನ ತಿರುಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಸುತ್ತಬೇಕು. ಒಬ್ಬ ತಿರುಗದಿದ್ದರೂ ಜಡೆ ಗಂಟಾಗುತ್ತದೆ. ದೇವರ ಮುಂದೆ ಜಡೆ ಗಂಟಾದರೆ ಊರಿಗೆ ಒಳ್ಳೆಯದಲ್ಲ ಎಂಬ ನಂಬಿಕೆ. ಹಗ್ಗ ಕತ್ತರಿಸುವ ಹಾಗಿಲ್ಲ. ಗಂಟು ಮಾಡಿದವನೇ ಮಾರನೇ ದಿನ ಒಬ್ಬನೇ ಕೂತು ಬಿಡಿಸಬೇಕು, ಬೇರೆಯವರು ಕೈ ಹಾಕಬಾರದು. ಆಮೇಲೆ ಒಂದು ವರ್ಷ ಕೋಲು ಮುಟ್ಟಬಾರದು. ತಪ್ಪು ಮಾಡಿದವನಿಗೆ ಒಂದು ವರ್ಷ. ಪದ ಕೇಳದವನಿಗೆ ಮಾತ್ರ ವರ್ಷದ ಲೆಕ್ಕವಿಲ್ಲ. ಅವನು ಹಗ್ಗ ಬಿಟ್ಟ ಅಂದರೆ ಬಿಟ್ಟ.

ಅಂಜಿನಯ್ಯ ನೆಲದ ಮೇಲೆ ಕೋಲಿನ ತುದಿಯಿಂದ ಏನೋ ಗೀಚುತ್ತ ಕೂತ. ಆಮೇಲೆ ಮುಖ ಎತ್ತಿ, ಶೆಡ್ಡಿನಲ್ಲಿ ಮಾತಾಡುವ ಹಾಗೆ ಶಬ್ದವಿಲ್ಲದೆ ಬರೀ ತುಟಿಯಲ್ಲಿ ಅಂದ: "ಪದ ತಿರುಗಿದಾಗ ನಿನ್ ಕೋಲಿಗೆ ಎರಡು ಸಲ ತಟ್ತೀನಿ. ಟಕ ಟಕ. ಆಗ ತಿರುಗು."

ಆ ವರ್ಷದ ಶ್ರಾವಣ ಹಾಗೇ ದಾಟಿತು. ಅಂಜಿನಯ್ಯ ಎರಡು ಸಲ ತಟ್ಟಿದ, ಇವನು ತಿರುಗಿದ. ಜಡೆ ಬಿಚ್ಚಿತು. ಯಾರಿಗೂ ಏನೂ ತಿಳಿಯಲಿಲ್ಲ. ಆದರೆ ಮುನಿರಾಮಯ್ಯನಿಗೆ ಅದು ಆಟವಾಗಿ ಉಳಿಯಲಿಲ್ಲ. ಹಲ್ಲು ಕಚ್ಚಿ, ಎಲ್ಲರ ಕಾಲು ನೋಡಿ, ಹನುಮಂತಯ್ಯನವರ ಗಂಟಲು ನೋಡಿ, ಮತ್ತೆ ಅಂಜಿನಯ್ಯನ ಕೋಲು ನೋಡಿ, ಆಟ ಮುಗಿದಾಗ ಎರಡು ಪಾಳಿ ದುಡಿದವನ ಹಾಗೆ ಕತ್ತು ಕಟ್ಟಿಕೊಂಡಿರುತ್ತಿತ್ತು. ಕುಣಿದ ಖುಷಿ ಅನ್ನುವುದು ಎಳ್ಳಷ್ಟೂ ಇಲ್ಲ. ಮೂವತ್ತು ವರ್ಷ ಯಾತಕ್ಕಾಗಿ ಆ ಹಗ್ಗ ಹಿಡಿದಿದ್ದನೋ ಅದೇ ಕೈತಪ್ಪಿ ಹೋಗಿ, ಬರೀ ಹಗ್ಗ ಮಾತ್ರ ಉಳಿದ ಹಾಗಾಯಿತು.

ಇದನ್ನೂ ಅಂಜಿನಯ್ಯನೇ ಕಂಡುಹಿಡಿದ. ಮಾರನೇ ವರ್ಷ ಬೇಸಿಗೆಯಲ್ಲಿ, ವಾರದ ರಜೆಯ ದಿನ, ತನ್ನ ಮನೆಯ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಇವನನ್ನು ನಿಲ್ಲಿಸಿಕೊಂಡ.

"ಭುಜ ನೋಡು, ಎಲ್ಲಿ ಹೋಗಿ ಕೂತವೆ! ಕಿವಿಗೆ ಓಲೆ ಹಾಕ್ಕಂಡಂಗೆ. ಇಳಿಸು."

ಮುನಿರಾಮಯ್ಯ ಇಳಿಸಿದ. ಕೋಲು ಎತ್ತಿದ ಕೂಡಲೇ ಭುಜ ಮತ್ತೆ ಮೇಲೇರಿತು. ಅಂಜಿನಯ್ಯ ಎರಡೂ ಕೈಯಿಂದ ಅವನ್ನು ಒತ್ತಿ ಕೂರಿಸಿದ.

"ನೀನು ಕೇಳಬೇಕು ಕೇಳಬೇಕು ಅಂತ ಒದ್ದಾಡ್ತೀಯ. ಅದಕ್ಕೇ ಬರಲ್ಲ. ನೆಂಟ್ರು ಬರ್ತಾರೆ ಅಂತ ಬಾಗಿಲಲ್ಲೇ ನಿಂತ್ರೆ ಬೇಗ ಬಂದ್‌ಬಿಡ್ತಾರಾ? ಒಳಗೆ ಹೋಗಿ ಕೂತ್ಕೋ. ಬಂದ್ರೆ ಬರಲಿ. ಮೈ ಬಿಡು."

"ಮೈ ಬಿಟ್ರೆ ತಾಳ ತಪ್ಪುತ್ತೆ ಕಣೋ."

"ತಪ್ಪಲಿ. ನನ್ ಮನೆ ಮುಂದೆ ತಪ್ಪಿದ್ರೆ ಯಾವ ದೇವರೂ ಕೇಳಲ್ಲ. ಮದ್ದಳೆ ಅಂಗಾಲಿಗೆ ಬರುತ್ತೆ, ಪದ ಕೋಲಿಗೆ ಬರುತ್ತೆ. ನಾನು ಹಾಡ್ಕಂಡು ಹೊಡೀತೀನಿ. ಹಿಡ್ಕೊಂಬೇಡ ಕೋಲನ್ನ, ಬೆರಳ ಮೇಲೆ ಮಲಗಿಸ್ಕೋ."

ಅಂಜಿನಯ್ಯ ಹಾಡುತ್ತ ಹೊಡೆಯುತ್ತಿದ್ದ. ನಡುನಡುವೆ ಕೆಮ್ಮು ಬಂದರೆ ನಿಲ್ಲಿಸಿ, ಮುಂಡಾಸಿನ ತುದಿಯಿಂದ ಬಾಯಿ ಒರೆಸಿಕೊಂಡು, ಮತ್ತೆ ಶುರು ಮಾಡುತ್ತಿದ್ದ. ಶೆಡ್ಡಿನ ಹತ್ತಿ ಧೂಳು. ಕೆಮ್ಮದವರು ಅಲ್ಲಿ ಯಾರಿದ್ದರು? ಮುನಿರಾಮಯ್ಯ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೆಮ್ಮು ಕೇಳಿದ್ದರೆ ಹಚ್ಚಿಕೊಳ್ಳುತ್ತಿದ್ದನೇನೋ. ಅವನಿಗೆ ಬಗ್ಗುವ ಬೆನ್ನು ಮಾತ್ರ ಕಾಣುತ್ತಿತ್ತು.

ಎಂಬತ್ತನಾಲ್ಕರ ಕಡೇ ಶ್ರಾವಣ ಶನಿವಾರ ಬಂತು. ಬೆಳಗ್ಗೆ ಒಂದು ಹನಿ ಬಿದ್ದು ನಿಂತು, ಬಯಲಿನ ಮಣ್ಣು ಅಂಗಾಲಿಗೆ ತಣ್ಣಗಿತ್ತು. ಗುಡಿಯ ಮುಂದೆ ಜನ ನೆರೆದರು. ಗಂಗಲಕ್ಷ್ಮಮ್ಮ ಹೆಂಗಸರ ಜೊತೆ ಕೋಸಂಬರಿ ಹಂಚುತ್ತಿದ್ದಳು. ಸಂಜೆ ಐದಕ್ಕೆ ಹನುಮಂತಯ್ಯನವರು ಕಂಬದ ಬುಡದಲ್ಲಿ ಕೂತು ಮದ್ದಳೆಗೆ ಕೈ ಹಾಕಿದರು.

ಮೊದಲ ಸುತ್ತು ಎಂದಿನಂತೆ ಹಲ್ಲು ಕಚ್ಚಿಯೇ ಹೋಯಿತು. ಎರಡನೇ ಸುತ್ತಿನಲ್ಲಿ ಅಂಜಿನಯ್ಯ ಎದುರಾದಾಗ ತುಟಿಯಲ್ಲಿ "ಭುಜ" ಅಂದ. ಮುನಿರಾಮಯ್ಯನಿಗೆ ನಗು ಬಂತು. ನಗು ಬಂದ ಕೂಡಲೇ ಭುಜ ತಾನಾಗಿ ಇಳಿಯಿತು. ಕೋಲನ್ನು ಬೆರಳ ಮೇಲೆ ಮಲಗಿಸಿಕೊಂಡ.

ಆಗ ಬಂತು.

ಎಲ್ಲಿಂದ ಬಂತು ಅಂತ ಹೇಳಲಾಗದು. ಮದ್ದಳೆ ತಣ್ಣನೆಯ ಮಣ್ಣಿನಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಮೊಣಕಾಲಿಗೆ ಏರಿತು. ಏಳು ಜನರ ಕೋಲು ಒಂದೊಂದೂ ಬೇರೆ ಬೇರೆ ಮಾತಾಡಿದವು. ಒಬ್ಬನದು ಒರಟು, ಒಬ್ಬನದು ಅವಸರ, ಅಂಜಿನಯ್ಯನದು ಮಾತ್ರ ಹಾಡು. ಎಡಗೈಯ ಹಗ್ಗ ಜಡೆ ಇಳಿದ ಹಾಗೆಲ್ಲ ಮೃದುವಾಗಿ ಎಳೆಯುತ್ತಿತ್ತು. ಮುನಿರಾಮಯ್ಯ ಯಾರ ಕಾಲನ್ನೂ ನೋಡಲಿಲ್ಲ, ಯಾರ ಗಂಟಲನ್ನೂ ನೋಡಲಿಲ್ಲ. ಕಣ್ಣು ಮುಚ್ಚಿದ. ಇಪ್ಪತ್ತು ವರ್ಷದ ಹಿಂದಿನ ಹನುಮಂತಯ್ಯನವರ ಕಂಠ, ನರೆ ಬಾರದ ಕಂಠ, ಎದೆಯೊಳಗೆ ಪದ ಪದವಾಗಿ ಬಿಚ್ಚಿಕೊಂಡಿತು. ನೀರಿಗೆ ಬಿಟ್ಟ ಎಲೆಯ ಹಾಗೆ ಅವನು ಸುಮ್ಮನೆ ಹೋಗುತ್ತಿದ್ದ. ಇಷ್ಟು ಹಗುರಾಗಿ ಅವನು ಪ್ರಾಯದಲ್ಲೂ ಕುಣಿದಿರಲಿಲ್ಲ.

ಟಕ ಟಕ ಅಂತ ಎರಡು ಸಲ ಕೋಲಿಗೆ ತಟ್ಟಿತು. ತಟ್ಟಿದ್ದು ಅವನಿಗೆ ತಿಳಿಯಿತು. ತಿಳಿಯಲಿಲ್ಲ ಅಂತ ಅವನು ಆಮೇಲೂ ಎಂದೂ ಹೇಳಲಿಲ್ಲ. ಆದರೆ ಆ ಗಳಿಗೆಯಲ್ಲಿ ಅದು ಗುರುತು ಅನ್ನಿಸಲಿಲ್ಲ; ಹಾಡಿನೊಳಗಿನದೇ ಒಂದು ಕುಲುಕು ಅನ್ನಿಸಿತು. ಅವನು ನಗುತ್ತ ಮುಂದಕ್ಕೇ ಹೋದ.

ಒಬ್ಬ ಎದೆಗೆ ಡಿಕ್ಕಿ ಹೊಡೆದ. ಇನ್ನೊಬ್ಬನ ಹಗ್ಗ ಕತ್ತಿಗೆ ಸುತ್ತಿಕೊಂಡಿತು. ಕಣ್ಣು ಬಿಟ್ಟಾಗ ಉಳಿದವರ ಮುಖ ಅವನ ಕಡೆಗೋ, ಅವನ ಎದುರಿಗಿದ್ದ ಅಂಜಿನಯ್ಯನ ಕಡೆಗೋ ತಿರುಗಿದ್ದವು. ಎದೆಮಟ್ಟ ಇಳಿದಿದ್ದ ಜಡೆಯ ತುದಿಯಲ್ಲಿ ತೆಂಗಿನಕಾಯಿ ಗಾತ್ರದ ಗಂಟು ನೇತಾಡುತ್ತಿತ್ತು. ಜನ ಎದ್ದು ನಿಂತರು. ಹನುಮಂತಯ್ಯನವರು ಮದ್ದಳೆ ಕೆಳಗಿಟ್ಟರು.

"ಯಾರು?" ಅಂದರು. ತುಟಿ ಸ್ಪಷ್ಟವಾಗಿ ಕಂಡಿತು.

ಹೇಳಬೇಕು ಅಂದುಕೊಂಡ ಮುನಿರಾಮಯ್ಯ. ಹೇಳಿದರೆ, ಹೇಗೆ ತಪ್ಪಿತು ಅಂತ ಕೇಳುತ್ತಾರೆ. ಅಷ್ಟರಲ್ಲಿ ಪಕ್ಕದಲ್ಲಿ ಏನೋ ಅಲ್ಲಾಡಿತು. ಅಂಜಿನಯ್ಯ ಒಂದು ಹೆಜ್ಜೆ ಮುಂದೆ ಬಂದು, ತನ್ನ ಕೋಲನ್ನು ಕಂಬದ ಬುಡದಲ್ಲಿ ಇಟ್ಟ.

"ನಾನೇ ಹನುಮಣ್ಣ. ಕೆಮ್ಮು ಬಂತು, ತಿರುಗೋದು ತಡ ಆಯ್ತು. ಮುನಿಯನ್ನ ತಳ್ಳಿಬಿಟ್ಟೆ."

"ಬಾಯಿ ಬಿಟ್ಟು ಹೇಳಿದೀಯ, ಆಯ್ತು. ಕಟ್ಟಳೆ ಗೊತ್ತಲ್ಲ?"

"ಗೊತ್ತು."

ಮುನಿರಾಮಯ್ಯ ನೋಡುತ್ತ ನಿಂತ. ಆವತ್ತು ಅವನ ಕಿವಿ ಕೆಟ್ಟಿತ್ತು ಅಂತ ಹೇಳಬಹುದು, ಬಾಯಿಗೆ ಏನಾಗಿತ್ತು?

ಮಾರನೇ ದಿನ ಬೆಳಗ್ಗೆ ಬಿಸಿಲು ಏರುವ ಮುಂಚೆಯೇ ಅಂಜಿನಯ್ಯ ಕಂಬದ ಕೆಳಗೆ ಕೂತಿದ್ದ. ಹಗ್ಗದ ಮುದ್ದೆ ಮಡಿಲಲ್ಲಿತ್ತು. ಮುನಿರಾಮಯ್ಯ ಗುಡಿಯ ಕಟ್ಟೆಯ ಮೇಲೆ ಕೂತ. ಮುಟ್ಟುವ ಹಾಗಿಲ್ಲ, ಎದ್ದು ಹೋಗಲೂ ಆಗದು. ನೂಲು ಕಿತ್ತರೆ ಕಣ್ಣು ಮುಚ್ಚಿಕೊಂಡು ಕಟ್ಟುವ ಕೈ ಅಂಜಿನಯ್ಯನದು. ಆ ಕೈ ಮಧ್ಯಾಹ್ನದವರೆಗೂ ಒಂದೊಂದೇ ಎಳೆ ಸಡಿಲಿಸುತ್ತಿತ್ತು. ಕಡೆಗೆ ಉಳಿದದ್ದು ಹಸಿರು ಹಗ್ಗ. ಅದನ್ನು ಬಿಡಿಸಿ, ಸಿಕ್ಕು ನೀವಿ, ನೆಟ್ಟಗೆ ಇಳಿಬಿಟ್ಟು ಕಟ್ಟೆಯ ಹತ್ತಿರ ಬಂದ.

"ಯಾಕೋ ಹಂಗಂದೆ?" ಅಂದ ಮುನಿರಾಮಯ್ಯ. "ಹೋಗಿ ಹೇಳ್ತೀನಿ. ಈಗಲೇ ಹೇಳ್ತೀನಿ."

"ಕೂತ್ಕೊಳ್ಳೋ. ನಂಗೆ ಒಂದ್ ವರ್ಷ. ನಿಂಗಾದ್ರೆ ಕಡೇವರೆಗೂ." ಅಂಜಿನಯ್ಯ ಪಕ್ಕದಲ್ಲಿ ಕೂರದೆ, ತುಟಿ ಕಾಣಲಿ ಅಂತ ಎದುರಿಗೇ ನಿಂತಿದ್ದ. "ನಾನು ಮನೇಲಿ ಮಲಗಿದ್ರೂ ಪದ ಕೇಳುತ್ತೆ, ಕಿಟಕಿ ತೆಗೆದ್ರೆ ಸಾಕು. ನಿಂಗೆ ಕೋಲು ಹಿಡಿದ್ರೆ ತಾನೇ ಕೇಳೋದು? ನಿನ್ನೆ ನಿನ್ ಮುಖ ನೋಡ್ದೆ ಕಣೋ ಮುನಿಯ. ಬಂತು ತಾನೆ?"

"ಬಂತು" ಅಂದ ಮುನಿರಾಮಯ್ಯ.

"ಅಷ್ಟು ಸಾಕು ಬಿಡು."

ಮುನಿರಾಮಯ್ಯ ಅದನ್ನು ಒಪ್ಪಿಕೊಂಡ. ಒಂದು ವರ್ಷ ತಾನೆ, ಕಣ್ಣು ಮುಚ್ಚಿ ಬಿಡುವುದರೊಳಗೆ ಹೋಗುತ್ತದೆ ಅಂತ ತನಗೆ ತಾನೇ ಹೇಳಿಕೊಂಡ. ಮನೆಗೆ ಬಂದು ಉಂಡ. ಗಂಗಲಕ್ಷ್ಮಮ್ಮ, "ಪಾಪ ಅಂಜಿನಣ್ಣ, ಒಂದು ದಿನಾನೂ ತಪ್ಪಿದೋರಲ್ಲ" ಅಂದಾಗ ತಟ್ಟೆಯಿಂದ ಮುಖ ಎತ್ತಲಿಲ್ಲ. ಕೇಳಲಿಲ್ಲ ಅಂತ ಅವಳು ಅಂದುಕೊಳ್ಳಲಿ ಅಂದುಕೊಂಡ.

ಗಣೇಶನ ಹಬ್ಬಕ್ಕೆ ಆರ್‌ಪಿಸಿ ಲೇಔಟಿನ ಪೆಂಡಾಲಿನವರು ಮೇಳವನ್ನು ಕರೆದರು. ಅಂಜಿನಯ್ಯನ ಜಾಗಕ್ಕೆ ಸೇತುರಾಮ ಬಂದ. ಬಸ್ ಕಂಡಕ್ಟರು, ಒಳ್ಳೆಯ ಹುಡುಗ, ಬಾಯಿ ತುಂಬ ನಗು. "ಮುನಿರಾಮಣ್ಣ, ನೀವು ಹೆಂಗೆ ಹೇಳಿದ್ರೆ ಹಂಗೆ. ರೈಟ್ ಅಂದ್ರೆ ರೈಟ್, ಹೋಲ್ಡಾನ್ ಅಂದ್ರೆ ಹೋಲ್ಡಾನ್" ಅಂದ. ಆವತ್ತು ಜಡೆ ಇರಲಿಲ್ಲ, ಬರೀ ಕೋಲು. ಮುನಿರಾಮಯ್ಯ ಭುಜ ಇಳಿಸಿದ. ಕೋಲನ್ನು ಬೆರಳ ಮೇಲೆ ಮಲಗಿಸಿದ. ಸೇತುರಾಮ ಖುಷಿಯಲ್ಲಿ ಬಲವಾಗಿ ಹೊಡೆದ. ಮರಕ್ಕೆ ಮರ ತಾಕಿತು. ಸಿಮೆಂಟು ನೆಲ ಏನೂ ಹೇಳಲಿಲ್ಲ. ಎರಡನೇ ಪದಕ್ಕೆ ಮುನಿರಾಮಯ್ಯ ಮತ್ತೆ ಕಾಲು ನೋಡತೊಡಗಿದ. ಮೂರನೇ ಪದಕ್ಕೆ ಭುಜ ಕಿವಿಯ ಹತ್ತಿರ ಹೋಗಿ ಕೂತಿತ್ತು. ಅದನ್ನು ಒತ್ತಿ ಕೂರಿಸುವ ಕೈ ಅಲ್ಲಿರಲಿಲ್ಲ.

ಅಂಜಿನಯ್ಯ ಶೆಡ್ಡಿಗೆ ಬರುವುದೂ ಒಂದು ದಿನ ಬಂದರೆ ಎರಡು ದಿನ ಇಲ್ಲ ಅನ್ನುವ ಹಾಗಾಯಿತು. ಕೇಳಿದರೆ ನೆಗಡಿ ಅನ್ನುತ್ತಿದ್ದ. ಮುನಿರಾಮಯ್ಯನಿಗೆ ಅವನ ಮುಖ ನೋಡಿ ಮಾತಾಡುವುದೇ ಕಷ್ಟವಾಗಿತ್ತು. ಮುಖ ನೋಡದಿದ್ದರೆ ಅವನಿಗೆ ಮಾತೇ ಇಲ್ಲ. ಹೀಗೆ ಇಬ್ಬರೂ ಒಂದು ತಿಂಗಳು ಕಳೆದರು.

ಆಯುಧಪೂಜೆಯ ದಿನ ಶೆಡ್ಡಿನಲ್ಲಿ ಮಗ್ಗಗಳನ್ನೆಲ್ಲ ನಿಲ್ಲಿಸಿ, ಎಣ್ಣೆ ಒರೆಸಿ, ಚೆಂಡುಹೂವಿನ ಹಾರ ಹಾಕುತ್ತಾರೆ. ವರ್ಷಕ್ಕೊಮ್ಮೆ ಅಲ್ಲಿ ಮಾತು ಕೇಳುವ ದಿನ ಅದು. ಜೊತೆಯವರೆಲ್ಲ ಆ ನಿಶ್ಶಬ್ದಕ್ಕೆ ಬೆರಗಾದವರ ಹಾಗೆ ಜೋರಾಗಿ ಮಾತಾಡಿಕೊಂಡು ನಗುತ್ತಿದ್ದರು. ಮುನಿರಾಮಯ್ಯನಿಗೆ ನೆಲ ನಡುಗುವುದು ನಿಂತಿತ್ತು, ಅಷ್ಟೇ ವ್ಯತ್ಯಾಸ. ಬಾಗಿಲಲ್ಲಿ ನಿಂತು ಅದನ್ನು ಅರಿತುಕೊಂಡ. ಹೋದ ಕಿವಿ ಇನ್ನು ಬರುವುದಿಲ್ಲ, ಇಷ್ಟೇ ಅಂತ ಅರಿತುಕೊಂಡ.

ಅಂಜಿನಯ್ಯನ ಮಗ್ಗದ ಮುಂದೆ ಬೇರೆ ಯಾರೋ ನಿಂತು ಕುಂಕುಮ ಇಡುತ್ತಿದ್ದ.

"ಇದು ಅಂಜಿನಂದು" ಅಂದ ಮುನಿರಾಮಯ್ಯ.

"ನಿಮಗ್ ಗೊತ್ತಿಲ್ವಾ? ಅವರು ಬಿಟ್ರಂತೆ ಅಣ್ಣ. ಎದೆ ಕೆಟ್ಟೋಗಿದೆಯಂತೆ. ಈ ಧೂಳಲ್ಲಿ ಇನ್ನೊಂದ್ ವರ್ಷ ಇದ್ರೆ ಆಳು ಉಳಿಯಲ್ಲ ಅಂತ ಯುಗಾದಿ ಹೊತ್ತಿಗೇ ಡಾಕ್ಟ್ರು ಹೇಳಿದ್ರಂತೆ. ಕೆಂಗೇರಿಗೆ ಮಗಳ ಮನೆಗೆ ಹೊರಟವ್ರೆ."

ಯುಗಾದಿ ಹೊತ್ತಿಗೇ. ಮುನಿರಾಮಯ್ಯ ಬೆರಳು ಮಡಿಸಿ ನೋಡಿದ. ಚಪ್ಪಡಿ ಕಲ್ಲಿನ ಮೇಲೆ ಹಾಡುತ್ತ, ಕೆಮ್ಮುತ್ತ ಕೋಲು ಹೊಡೆದದ್ದು ಯುಗಾದಿ ಕಳೆದ ಮೇಲೆ. ಕಂಬದ ಬುಡದಲ್ಲಿ ಕೋಲು ಇಟ್ಟದ್ದು ಅದಕ್ಕೂ ಆಮೇಲೆ. ನಂಗೆ ಒಂದ್ ವರ್ಷ ಅಂದಿದ್ದ ಅಂಜಿನಯ್ಯ. ತನ್ನ ಹತ್ತಿರ ಇದ್ದದ್ದೇ ಅದೊಂದು ವರ್ಷ ಅಂತ ಅವನಿಗೆ ಆಗಲೇ ಗೊತ್ತಿತ್ತು.

ವಿಜಯದಶಮಿಯ ಸಂಜೆ ಮೇಳದವರು ಗುಡಿಯಲ್ಲಿ ಸೇರಿದರು. ಪೂಜೆಗೆ ಇಟ್ಟ ಕೋಲುಗಳನ್ನು ಯಜಮಾನರು ಒಬ್ಬೊಬ್ಬರ ಕೈಗೆ ಕೊಡುವ ದಿನ. ಹನುಮಂತಯ್ಯನವರು ಮುನಿರಾಮಯ್ಯನ ಅಪ್ಪನ ಕಾಲದ ಕೋಲನ್ನು ಎತ್ತಿ ಹಿಡಿದರು. ಅವನು ಕೈ ಚಾಚಲಿಲ್ಲ.

"ಶ್ರಾವಣದಲ್ಲಿ ಜಡೆ ಗಂಟು ಮಾಡಿದ್ದು ನಾನು ಹನುಮಣ್ಣ. ಅಂಜಿನ ಅಲ್ಲ. ನಂಗೆ ಪದ ಕೇಳಲ್ಲ. ಹೋದ್ ವರ್ಷದಿಂದ ಕೇಳಲ್ಲ. ಅವನು ತಟ್ಟಿ ಹೇಳ್ತಿದ್ದ, ನಾನು ತಿರುಗ್ತಿದ್ದೆ."

ತನ್ನ ದನಿ ಎಷ್ಟು ದೊಡ್ಡದಾಗಿ ಹೊರಟಿತೋ ಅವನಿಗೆ ತಿಳಿಯಲಿಲ್ಲ. ಹೊರಗೆ ರಂಗೋಲಿ ಹಾಕುತ್ತಿದ್ದ ಹೆಂಗಸರೂ ಬಾಗಿಲಿಗೆ ಬಂದು ನಿಂತರು. ಸೇತುರಾಮ ಬಾಯಿ ತೆರೆದುಕೊಂಡು ನೋಡಿದ. ಹನುಮಂತಯ್ಯನವರು ಅವನಿಗೆ ಕಾಣುವ ಹಾಗೆ ಮುಖವನ್ನು ದೀಪದ ಕಡೆಗೆ ತಿರುಗಿಸಿದರು.

"ಮೂವತ್ತು ವರ್ಷ ನನ್ ಪದಕ್ಕೆ ಕುಣಿದೋನು ನೀನು. ಕೇಳಲ್ಲ ಅಂತ ನಂಗೊಂದು ಮಾತು ಹೇಳಬಾರದಾಗಿತ್ತಾ?" ಅವರ ಗಂಟಲಿನ ಗಂಟು ಆಡಿತು. "ಕಟ್ಟಳೆ ನಾನು ಮಾಡಿದ್ದಲ್ಲಪ್ಪ, ಮುರಿಯೋಕೆ ನನ್ ಕೈಲಿ ಆಗಲ್ಲ. ಹಗ್ಗ ಬಿಡು. ಅಂಜಿನಯ್ಯನ ಮೇಲೆ ಏನೂ ಇಲ್ಲ. ಅವನ ಕೋಲು ತಗೊಂಡೋಗಿ ಕೊಡು, ಬಂದು ಆಡಲಿ."

ಅವನೇ ಹೊತ್ತುಕೊಂಡು ಹೋದ. ಮುಟ್ಟುವ ಹಾಗಿಲ್ಲವಾದ್ದರಿಂದ ಕೋಲನ್ನು ಟವೆಲಿನಲ್ಲಿ ಸುತ್ತಿದ್ದ.

ಅಂಜಿನಯ್ಯನ ಮನೆಯ ಮುಂದೆ ಇನ್ನೂ ಬೆಳಕಿತ್ತು. ಒಳಗೆ ಮಗಳು ಮುನಿಲಕ್ಷ್ಮಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಅಂಜಿನಯ್ಯ ಚಪ್ಪಡಿ ಕಲ್ಲಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ಕೊರಳಿನ ಎರಡೂ ಕಡೆಯ ಗುಂಡಿಯಲ್ಲಿ ಒಂದೊಂದು ಹಿಡಿ ಅಕ್ಕಿ ಹಿಡಿಸುವಷ್ಟು ಇಳಿದುಹೋಗಿದ್ದ. ಟವೆಲು ಬಿಚ್ಚಿ ಕೋಲು ನೋಡಿದ.

"ಹೇಳ್ಬಿಟ್ಯಾ?"

"ಹೇಳ್ದೆ."

"ದಡ್ಡ ನನ್ಮಗನೆ" ಅಂದ ಅಂಜಿನಯ್ಯ. "ನಿಂಗೇ ಅಂತ ಉಳಿಸಿ ಇಟ್ಟಿದ್ದನ್ನ ಬಿಸಾಡ್ಬಂದ್ಯಲ್ಲೋ."

"ಬಾ ಅಂಜಿನ. ನಿನ್ ಮೇಲೆ ಏನೂ ಇಲ್ವಂತೆ. ಬಂದು ಆಡು. ಒಂದೇ ಒಂದು ಪದ ಆಡು."

ಅಂಜಿನಯ್ಯ ಎದ್ದು ನಿಂತು ತೋರಿಸಿದ. ಮೂರು ಹೆಜ್ಜೆ ಹಾಕಿದ. ನಾಲ್ಕನೆಯದಕ್ಕೆ ಗೋಡೆ ಹಿಡಿದು, ಬಾಯಿ ತೆರೆದು, ಉಸಿರು ಹುಡುಕಿದ. ಮುನಿಲಕ್ಷ್ಮಮ್ಮ ಓಡಿಬಂದು, "ಅಪ್ಪಯ್ಯ, ಏಳ್ಬೇಡ ಅಂತ ಎಷ್ಟು ಸಲ ಹೇಳೋದು!" ಎಂದು ಕೂರಿಸಿದಳು. ಮುನಿರಾಮಯ್ಯನ ಕಡೆ ನೋಡಲಿಲ್ಲ. ಮಾಫಿ ತಂದಿದ್ದ ಮುನಿರಾಮಯ್ಯ; ಅದನ್ನು ಇಟ್ಟುಕೊಳ್ಳಲು ಅಂಜಿನಯ್ಯನ ಎದೆಯಲ್ಲಿ ಜಾಗವಿರಲಿಲ್ಲ.

ಉಸಿರು ಹದಕ್ಕೆ ಬಂದ ಮೇಲೆ ಅಂಜಿನಯ್ಯ ಅವನ ಭುಜದ ಮೇಲೆ ಕೈ ಇಟ್ಟು ಒತ್ತಿದ.

"ಇಳಿಸು."

"ಬೇಡ ಕಣೋ."

"ನೀನು ಕೋಲು ಮುಟ್ಟಂಗಿಲ್ಲ, ನಾನು ಮುಟ್ಟಬಹುದು ತಾನೆ? ಹನುಮಣ್ಣನೇ ಅಂದಿದಾರೆ. ಕಾಲು ಕಲ್ಲಿನ ಮೇಲೆ ಇಡು."

ಮುನಿರಾಮಯ್ಯ ಎರಡೂ ಅಂಗಾಲನ್ನು ಚಪ್ಪಡಿಗೆ ಒತ್ತಿದ. ಅಂಜಿನಯ್ಯ ಕೂತಲ್ಲೇ ಕೋಲಿನ ತುದಿಯಿಂದ ಕಲ್ಲಿಗೆ ಹೊಡೆಯತೊಡಗಿದ. ಹಾಡಲು ಉಸಿರಿಲ್ಲ, ತುಟಿ ಮಾತ್ರ ಆಡಿಸಿದ. ಹೆಣೆಯುವ ಪದದಿಂದ ಶುರು ಮಾಡಿದ. ಮೊದಮೊದಲು ಬರೀ ಕಲ್ಲು. ಮುನಿರಾಮಯ್ಯ ತುಟಿಯನ್ನೇ ಓದುತ್ತಿದ್ದ. ಅಂಜಿನಯ್ಯ ಅವನ ಕಣ್ಣಿನ ಮೇಲೆ ಅಂಗೈ ಇಟ್ಟು ಮುಚ್ಚಿದ. ಆಗ ಭುಜ ಇಳಿಯಿತು. ಕಲ್ಲು ಮಾತಾಡಿತು. ಸಣ್ಣಗೆ, ಶ್ರಾವಣದಲ್ಲಿ ಬಂದದ್ದರ ಕಾಲುಭಾಗವೂ ಇಲ್ಲ, ಆದರೂ ಅದೇ ಪದ. ಕೂತಲ್ಲೇ ಅವನ ಕಾಲು ಹೆಜ್ಜೆ ಹಾಕಿತು, ಖಾಲಿ ಕೈ ಗಾಳಿಯಲ್ಲಿ ಎದ್ದು ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಮುನಿಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಎಷ್ಟು ಸುತ್ತು ಆಯಿತೋ. ಕಡೆಗೆ ಟಕ ಟಕ ಅಂತ ಎರಡು ಸಲ ಬಂತು.

ಈ ಸಲ ಅವನು ತಿರುಗಿದ. ಕೂತಲ್ಲೇ, ಮುಖವನ್ನು ಆ ಕಡೆಯಿಂದ ಈ ಕಡೆಗೆ.

"ಹ್ಞೂ" ಅಂದ ಅಂಜಿನಯ್ಯ. "ಈಗ ಸರಿ ಹೋಯ್ತು ನೋಡು."

ಅಂಜಿನಯ್ಯನನ್ನು ಕೆಂಗೇರಿಗೆ ಕಳಿಸಿಕೊಡಲು ಹನುಮಂತಯ್ಯನವರೂ ಬಂದರು, ಸೇತುರಾಮನೂ ಬಂದ. ಗಂಗಲಕ್ಷ್ಮಮ್ಮ ಮೊಸರನ್ನದ ಡಬ್ಬಿ ತಂದಳು. ಗೋಣಿಚೀಲ, ಒಂದು ಕಬ್ಬಿಣದ ಮಂಚ, ಎರಡು ಬಿಂದಿಗೆ, ಟೆಂಪೋದಲ್ಲಿ ಅರ್ಧವೂ ತುಂಬಲಿಲ್ಲ. ಅಂಜಿನಯ್ಯ ಡ್ರೈವರಿನ ಪಕ್ಕ ಕೂತು ಕೋಲನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ. ಗಾಡಿ ಹೊರಡುವಾಗ ಏನೋ ಅಂದ. ಬಿಸಿಲು ಗಾಜಿಗೆ ಹೊಡೆದು ಮುನಿರಾಮಯ್ಯನಿಗೆ ತುಟಿ ಕಾಣಲಿಲ್ಲ. ಏನಂದ ಅಂತ ಅವನು ಯಾರನ್ನೂ ಕೇಳಲಿಲ್ಲ. ಕೆಂಗೇರಿಯಿಂದ ಸಾವಿನ ಸುದ್ದಿ ಬರುವುದಕ್ಕೆ ಸಂಕ್ರಾಂತಿಯವರೆಗೂ ಕಾಯಬೇಕಾಗಲಿಲ್ಲ. ಅಂಜಿನಯ್ಯ ಕುರುಬರಹಳ್ಳಿ ಬಿಟ್ಟು ಹೋದದ್ದು ಎಂಬತ್ತನಾಲ್ಕನೇ ಇಸವಿ, ವಿಜಯದಶಮಿ ಕಳೆದ ಮೇಲಿನ ಸೋಮವಾರ, ಬೆಳಗ್ಗೆ ಹತ್ತು ಗಂಟೆಗೆ.